ತೂಕ ಪರೀಕ್ಷೆಯ ನಂತರ ಕುಡಿಯಲು ಯಾವುದು: ಡಬ್ಬಿಯ ಪುಡಿಯೋ, ಓಆರ್‌ಎಸ್ ಪೊಟ್ಟಣವೋ?

ವೃತ್ತಿಪರ ಬಾಕ್ಸರುಗಳ ಕಾರ್ನರಿನಲ್ಲಿ, ಅಂದರೆ ಸುತ್ತುಗಳ ನಡುವೆ ಅವರು ಬಂದು ಕೂರುವ ಮೂಲೆಯಲ್ಲಿ, ನಿಂತು ಕೆಲಸ ಮಾಡುವ ನನ್ನ ಚೀಲದಲ್ಲಿ ಕಳೆದ ಕೆಲವು ಪಂದ್ಯಗಳಿಂದ ಎರಡು ವಸ್ತುಗಳು ಒಟ್ಟಿಗೇ ಇದ್ದವು. ಒಂದು, ತೂಕ ಇಳಿಸಿದ ಕ್ರೀಡಾಪಟುಗಳಿಗೆಂದೇ ಮಾರುವ, ಮುಚ್ಚಳದ ಮೇಲೆ ಬಿಗಿದ ಮುಷ್ಟಿಯ ಚಿತ್ರವಿರುವ ದೊಡ್ಡ ಡಬ್ಬಿಯ ಪುಡಿ. ಇನ್ನೊಂದು, ಭೇದಿಯಾದ ಮಕ್ಕಳಿಗೆ ಕೊಡುವ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಸಾದಾ ಓಆರ್‌ಎಸ್ ಪೊಟ್ಟಣ. ಎರಡನ್ನೂ ಬಳಸಿ ನೋಡಿದ ಮೇಲೆ ನನ್ನ ಮತ ಪೊಟ್ಟಣಕ್ಕೆ. ಆದರೆ ಎರಡರಿಂದಲೂ ಆಗದ ಕೆಲಸವೊಂದಿದೆ, ಡಬ್ಬಿಯವರು ಅದನ್ನೇ ದಪ್ಪ ಅಕ್ಷರಗಳಲ್ಲಿ ಬರೆದುಕೊಂಡಿದ್ದಾರೆ. ಇದನ್ನು ಬರೆಯಲು ಕುಳಿತದ್ದು ಆ ಸಾಲಿನ ಕಾರಣಕ್ಕೆ.

ತನ್ನ ವರ್ಗದ ತೂಕದ ಮಿತಿಯೊಳಗೆ ಬರಲು ಬೆವರು ಹರಿಸಿ, ತೂಕದ ಯಂತ್ರದಿಂದ ಆಗಷ್ಟೇ ಇಳಿದ ಬಾಕ್ಸರನ ಬಾಯಿಯನ್ನು ಹತ್ತಿರದಿಂದ ನೋಡಿದವರಿಗೆ ಅವನ ಸ್ಥಿತಿ ತಿಳಿಯುತ್ತದೆ. ತುಟಿ ಹಲ್ಲಿಗೆ ಅಂಟಿಕೊಂಡಿರುತ್ತದೆ, ಬಾಯಿಯ ಅಂಚಿನಲ್ಲಿ ಎಂಜಲು ಬೆಳ್ಳಗೆ ಗಟ್ಟಿಯಾಗಿರುತ್ತದೆ, ಕೈಗೆ ಏನು ಕೊಟ್ಟರೂ ಗಟಗಟನೆ ಕುಡಿದುಬಿಡುತ್ತಾನೆ. ಡಬ್ಬಿಯ ಪುಡಿ ಇಲ್ಲಿಯೇ ಸೋತಿತು. ಅದು ನೀರಿನಲ್ಲಿ ಬೇಗ ಕರಗುವುದಿಲ್ಲ, ಬಾಟಲಿಯನ್ನು ಎಷ್ಟು ಕುಲುಕಿದರೂ ಕೆಂಪು ಗಂಟುಗಳು ತೇಲುತ್ತಲೇ ಇರುತ್ತವೆ. ಸಿಹಿಯಂತೂ ಪಾನಕವನ್ನೂ ಮೀರಿಸುವಷ್ಟು. ಸಕ್ಕರೆ ಇಷ್ಟು ಸಾಂದ್ರವಾಗಿದ್ದರೆ ಕರುಳು ನೀರನ್ನು ಒಳಗೆ ಎಳೆದುಕೊಳ್ಳುವ ಬದಲು ಮೊದಲು ತಾನೇ ನೀರು ಬಿಡುತ್ತದೆ. ನಮ್ಮ ಹುಡುಗ ಒಂದು ಲೀಟರ್ ಮುಗಿಸಿದ ಅರ್ಧ ಗಂಟೆಯಲ್ಲಿ ಹೊಟ್ಟೆ ಉಬ್ಬರಿಸಿಕೊಂಡು ಶೌಚಾಲಯಕ್ಕೆ ಓಡಿದ.

ಓಆರ್‌ಎಸ್ ಪೊಟ್ಟಣದ ಲೆಕ್ಕ ಬೇರೆ. ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್, ಒಟ್ಟು 20.5 ಗ್ರಾಂ. ಸಣ್ಣ ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳ ಹಿಂದೆಯೇ ಹೋಗುತ್ತದೆ. ಬರೀ ನೀರು ಕುಡಿದರೆ ಅದರ ಬಹುಪಾಲು ಮೂತ್ರವಾಗಿ ಹೊರಬೀಳುವುದು ಈ ಉಪ್ಪಿನ ಕೊರತೆಯಿಂದಲೇ. ರುಚಿಯ ಬಗ್ಗೆ ಹೊಗಳುವಂತಹದ್ದೇನೂ ಇಲ್ಲ, ಕಣ್ಣೀರು ಕುಡಿದಂತಿದೆ ಎಂದು ನಮ್ಮವನು ಮುಖ ಸಿಂಡರಿಸಿದ. ಆದರೆ ಗುಟುಕು ಗುಟುಕಾಗಿ ಕೊಟ್ಟಾಗ ಹೊಟ್ಟೆಯಲ್ಲಿ ನಿಂತಿತು, ಸಂಜೆಯ ಹೊತ್ತಿಗೆ ಮೂತ್ರದ ಬಣ್ಣವೂ ತಿಳಿಯಾಯಿತು. ಬೆವರಿನಲ್ಲಿ ಕಳೆದುಕೊಂಡ ಪ್ರತಿ ಕಿಲೋಗೆ ಸುಮಾರು ಒಂದೂವರೆ ಲೀಟರ್ ಎಂಬುದು ನಾವು ಪಾಲಿಸುವ ಅಳತೆ.

ಇನ್ನು ಡಬ್ಬಿಯ ಮೇಲಿನ ಆ ಸಾಲು: ‘24 ಗಂಟೆಗಳಲ್ಲಿ ಸಂಪೂರ್ಣ ಚೇತರಿಕೆ’. ರಕ್ತಕ್ಕೆ, ಸ್ನಾಯುಗಳಿಗೆ ನೀರು ಮರಳಿದ ಕೂಡಲೇ ಮಿದುಳಿಗೂ ಅದರ ಸುತ್ತಲಿನ ದ್ರವಕ್ಕೂ ಮರಳಿದೆ ಎಂದು ಹೇಳಲು ಯಾವ ಪುಡಿಗೂ ಅಧಿಕಾರವಿಲ್ಲ. ನೀರಿಲ್ಲದೆ ಮಿದುಳು ಅಷ್ಟಿಷ್ಟು ಕುಗ್ಗಿದಾಗ, ಅದರ ಮೇಲ್ಮೈಯಿಂದ ಹೊರಪೊರೆಗೆ ಹಾದುಹೋಗುವ ರಕ್ತನಾಳಗಳು ಬಿಗಿಯಾಗುತ್ತವೆ ಮತ್ತು ಏಟು ಬಿದ್ದಾಗ ಅವು ಹರಿಯುವ ಅಪಾಯ ಹೆಚ್ಚುತ್ತದೆ ಎಂಬುದು ವೈದ್ಯರ ಆತಂಕ; ರಿಂಗಿನಲ್ಲಿ ಪ್ರಾಣ ತೆಗೆಯುವುದು ಹೆಚ್ಚಾಗಿ ಇಂತಹ ರಕ್ತಸ್ರಾವವೇ. ತೂಕದ ಯಂತ್ರ ಎಷ್ಟು ಕಿಲೋ ಮರಳಿತು ಎಂದಷ್ಟೇ ಹೇಳುತ್ತದೆ, ನೀರು ಎಲ್ಲಿ ಸೇರಿತು ಎಂದು ಹೇಳುವುದಿಲ್ಲ.

ಇಂತಹ ಪುಡಿಗೆ ಮಾರುಕಟ್ಟೆ ಒದಗಿಸಿಕೊಟ್ಟದ್ದೇ ನಿಯಮ. ಹಿಂದೆ ಪಂದ್ಯದ ದಿನ ಬೆಳಿಗ್ಗೆ ತೂಕ ನೋಡುತ್ತಿದ್ದರು. 1980ರ ದಶಕದಲ್ಲಿ, ನೀರು ತುಂಬಿಕೊಳ್ಳಲು ಸಮಯ ಸಿಗಲಿ ಎಂಬ ಒಳ್ಳೆಯ ಉದ್ದೇಶದಿಂದ, ಅದನ್ನು ಹಿಂದಿನ ದಿನಕ್ಕೆ ಸರಿಸಿದರು. ಸಮಯ ಸಿಕ್ಕಿದ್ದು ನಿಜ, ಜೊತೆಗೆ ಇನ್ನಷ್ಟು ಇಳಿಸುವ ಧೈರ್ಯವೂ ಸಿಕ್ಕಿತು. 2000ದ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 141 ಪೌಂಡ್ ಮಿತಿಯ ಪಂದ್ಯಕ್ಕೆ ಆರ್ಟುರೋ ಗ್ಯಾಟಿ ರಿಂಗಿಗೆ ಬಂದದ್ದು 160 ಪೌಂಡ್ ತೂಕದಲ್ಲಿ. ಎರಡನೇ ಸುತ್ತಿನಲ್ಲಿ ನೆಲಕ್ಕುರುಳಿದ ಎದುರಾಳಿ ಜೋಯಿ ಗಮಾಷ್ ಮತ್ತೆಂದೂ ವೃತ್ತಿಪರವಾಗಿ ಕಣಕ್ಕಿಳಿಯಲಿಲ್ಲ. ನೀರು ತುಂಬಿಕೊಳ್ಳುವುದರಲ್ಲಿ ಗೆದ್ದವನ ಏಟು ತಿನ್ನುವವನೂ ಒಬ್ಬನಿರುತ್ತಾನೆ ಎಂಬುದನ್ನು ಡಬ್ಬಿಯ ಜಾಹೀರಾತು ಮರೆತಿದೆ.

ವಿಶ್ವ ಪ್ರಶಸ್ತಿ ನೀಡುವ ಸಂಸ್ಥೆಗಳಲ್ಲೊಂದಾದ ಐಬಿಎಫ್ (ಇಂಟರ್‌ನ್ಯಾಷನಲ್ ಬಾಕ್ಸಿಂಗ್ ಫೆಡರೇಶನ್) ಬಹುಕಾಲ ತನ್ನ ಪ್ರಶಸ್ತಿ ಪಂದ್ಯಗಳಿಗೆ ಮರುದಿನ ಬೆಳಿಗ್ಗೆ ಇನ್ನೊಮ್ಮೆ ತೂಕ ನೋಡುತ್ತಿತ್ತು; ಮಿತಿಗಿಂತ 10 ಪೌಂಡ್‌ಗಿಂತ ಹೆಚ್ಚು ಏರಿರಬಾರದಿತ್ತು. ಒಪ್ಪಂದದಲ್ಲೇ ಇಂತಹ ಷರತ್ತು ಸೇರಿಸುವುದೂ ಈಗ ರೂಢಿ. 2019ರಲ್ಲಿ ಕನೆಲೋ ಅಲ್ವಾರೆಝ್ ಎದುರು ಡ್ಯಾನಿ ಜೇಕಬ್ಸ್ ಮರುದಿನದ 170ರ ಮಿತಿಗೆ 173.6 ಪೌಂಡ್ ತೂಗಿದಾಗ ಪೆಟ್ಟು ಬಿದ್ದದ್ದು ಹಣಕ್ಕೆ, ಪಂದ್ಯ ನಿಲ್ಲಲಿಲ್ಲ. 2025ರಲ್ಲಿ ಕ್ರಿಸ್ ಯೂಬ್ಯಾಂಕ್ ಜೂನಿಯರ್ ಮೊದಲ ದಿನದ ತೂಕದಲ್ಲೇ 160ರ ಮಿತಿಯನ್ನು 0.05 ಪೌಂಡ್‌ನಿಂದ ಮೀರಿ 3,75,000 ಬ್ರಿಟಿಷ್ ಪೌಂಡ್ ದಂಡ ತೆತ್ತರು; ಮೀರಿದ ತೂಕ ಸುಮಾರು 23 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಓಆರ್‌ಎಸ್ ಪೊಟ್ಟಣದ ಪುಡಿಯಷ್ಟು. ಡ್ರಿಪ್ ಹಾಕಿಸಿ ಬೇಗ ಮುಗಿಸುತ್ತೇವೆ ಎನ್ನುವವರಿಗೂ ದಾರಿಯಿಲ್ಲ: ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾದ ನಿಯಮದ ಪ್ರಕಾರ, ಆಸ್ಪತ್ರೆಯ ಚಿಕಿತ್ಸೆಯಂತಹ ಸಂದರ್ಭಗಳನ್ನು ಬಿಟ್ಟರೆ, 12 ಗಂಟೆಗಳಲ್ಲಿ 100 ಮಿಲಿಲೀಟರ್‌ಗಿಂತ ಹೆಚ್ಚು ದ್ರವವನ್ನು ರಕ್ತನಾಳಕ್ಕೆ ಏರಿಸುವಂತಿಲ್ಲ.

ಹಾಗಾಗಿ ಡಬ್ಬಿಯನ್ನು ಇನ್ನು ಕೊಳ್ಳುವುದಿಲ್ಲ. ತೂಕ ಪರೀಕ್ಷೆಯ ಮಧ್ಯಾಹ್ನಕ್ಕೆ ಆರು ಓಆರ್‌ಎಸ್ ಪೊಟ್ಟಣ, ಒಂದು ಲೀಟರಿನ ಗುರುತಿರುವ ಬಾಟಲಿ, ಇಷ್ಟು ನನ್ನ ಸಿದ್ಧತೆ. ಒಂದೂವರೆ ಲೀಟರಿನ ಲೆಕ್ಕದಲ್ಲಿ ಆರು ಪೊಟ್ಟಣ ನಾಲ್ಕು ಕಿಲೋಗೆ ಸಾಕು. ಏಳನೆಯದು ಬೇಕಾಗುವಷ್ಟು ಬೆವರು ಹರಿಸಬೇಕಾಗಿದ್ದರೆ, ಹುಡುಗನನ್ನು ಮೇಲಿನ ತೂಕದ ವರ್ಗದಲ್ಲಿ ಆಡಿಸಿ ಎಂದು ಮ್ಯಾನೇಜರಿಗೆ ಪಂದ್ಯ ಗೊತ್ತುಮಾಡುವ ಮೊದಲೇ ಹೇಳಿಬಿಡುತ್ತೇನೆ.