ಅಬುಧಾಬಿಯ ಅಬ್ರಹಾಮಿಕ್ ಫ್ಯಾಮಿಲಿ ಹೌಸ್: ಸಿನಗಾಗ್ ಬಾಗಿಲಿನಿಂದ ನೋಡಿದರೆ

ಸಾದಿಯಾತ್ ದ್ವೀಪದ ಈ ಆವರಣದಲ್ಲಿ ಮಸೀದಿ, ಚರ್ಚು, ಸಿನಗಾಗ್ (ಯಹೂದಿ ಪ್ರಾರ್ಥನಾಮಂದಿರ) ಮೂರೂ ಇವೆ. ಮೂರೂ ಧರ್ಮದವರು ಕೂಡಿ ಪ್ರಾರ್ಥಿಸಲೆಂದೇ ಕಟ್ಟಿದ ನಾಲ್ಕನೆಯ ಮಂದಿರ ಇಲ್ಲ. ಸರ್ವಧರ್ಮ ಪ್ರಾರ್ಥನೆ ನೋಡಿ ಬೆಳೆದ ನಮ್ಮವರಿಗೆ ಇದೊಂದು ಕೊರತೆ ಅನ್ನಿಸಬಹುದು. ಯಹೂದಿ ಕಣ್ಣಿಗೆ ಜಾಗದ ದೊಡ್ಡ ಗುಣವೇ ಅದು.

ಸಂಪ್ರದಾಯಸ್ಥ ಯಹೂದಿಗೆ ಪ್ರಾರ್ಥನೆ ಎಂದರೆ ಹೊತ್ತೂ ಪಾಠವೂ ಗೊತ್ತಾಗಿರುವ ಕರ್ತವ್ಯ: ದಿನಕ್ಕೆ ಮೂರು ಸಲ, ಜೆರುಸಲೇಮಿನತ್ತ ಮುಖ ಮಾಡಿ. ವಯಸ್ಸಿಗೆ ಬಂದ 10 ಗಂಡಸರು ಸೇರದಿದ್ದರೆ ಕದ್ದೀಶ್ ಎಂಬ ದೇವಸ್ತುತಿ ಹೇಳುವಂತಿಲ್ಲ, ಧರ್ಮಗ್ರಂಥವಾದ ಟೋರಾದ ಸುರುಳಿ ಬಿಚ್ಚಿ ವಿಧಿವತ್ತಾಗಿ ಓದುವಂತಿಲ್ಲ. (ಸುಧಾರಣಾ ಪಂಥದವರು ಹೆಂಗಸರನ್ನೂ ಎಣಿಸುತ್ತಾರೆ, ಕೂಡುಪ್ರಾರ್ಥನೆಗೂ ಹೆಚ್ಚು ಒಪ್ಪುತ್ತಾರೆ.) ಇಂಥ ಕಟ್ಟುನಿಟ್ಟಿನ ಪ್ರಾರ್ಥನೆಯನ್ನು ಇತರರ ಪ್ರಾರ್ಥನೆಯೊಂದಿಗೆ ಬೆರೆಸಿದರೆ ಕೊನೆಗೆ ಉಳಿಯುವುದು ಯಾರಿಗೂ ಚುಚ್ಚದ ನಾಲ್ಕು ಸಪ್ಪೆ ಸಾಲು.

2023ರಲ್ಲಿ ತೆರೆದ ಈ ಕಟ್ಟಡಗಳ ವಾಸ್ತುಶಿಲ್ಪಿ ಡೇವಿಡ್ ಅಜಾಯೆ. ಮೂರೂ 30 ಮೀಟರಿನ ಘನಗಳು, ಆದರೆ ಮುಖ ಮಾತ್ರ ಬೇರೆ ಬೇರೆ: ಮಸೀದಿ ಮೆಕ್ಕಾದತ್ತ, ಚರ್ಚು ಪೂರ್ವಕ್ಕೆ, ಸಿನಗಾಗ್ ಜೆರುಸಲೇಮಿನತ್ತ. ಸಿನಗಾಗ್‌ಗೆ ಮಧ್ಯಯುಗದ ಯಹೂದಿ ಧರ್ಮಶಾಸ್ತ್ರಜ್ಞ ಮೋಸೆಸ್ ಬೆನ್ ಮೈಮೊನ್ ಹೆಸರಿಟ್ಟದ್ದು ಜಾಣತನ. ಕೊರ್ಡೋಬಾದಲ್ಲಿ ಹುಟ್ಟಿ 1204ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡ ಆತ ಬಹುಪಾಲು ಬರೆದದ್ದು ಅರಬ್ಬಿಯಲ್ಲಿ. ಮುಸ್ಲಿಮರು ವಿಗ್ರಹಾರಾಧಕರಲ್ಲ ಎಂದು ತೀರ್ಪು ಕೊಟ್ಟವನೂ ಅವನೇ. ಕ್ರೈಸ್ತರ ವಿಷಯದಲ್ಲಿ ಅವನ ನಿಲುವು ಅಷ್ಟು ಮೆದುವಲ್ಲ. ಇವತ್ತಿಗೂ ಅನೇಕ ಸಂಪ್ರದಾಯಸ್ಥ ಯಹೂದಿಗಳು ಮಸೀದಿಯೊಳಗೆ ಹೋದರೂ ಚರ್ಚಿನ ಹೊಸ್ತಿಲು ದಾಟುವುದಿಲ್ಲ. ನಿಮ್ಮ ಗುಂಪಿನಲ್ಲಿ ಅಂಥವರಿದ್ದರೆ ಹೊರಗೆ ನಿಲ್ಲಲು ಬಿಡಿ, ಅವಮಾನ ಎಂದುಕೊಳ್ಳಬೇಡಿ.

ಹೆಚ್ಚು ಹೊತ್ತು ನೋಡಬೇಕಾದದ್ದು ಸಿನಗಾಗ್‌ನ ಓರೆ ಕಂಬಗಳನ್ನು. ಅವು ಸುಕ್ಕೋತ್ ಹಬ್ಬದ ಗರಿಚಪ್ಪರವನ್ನು ನೆನಪಿಸಲೆಂದು ನಿಲ್ಲಿಸಿದವು. ಒಳಗೆ ಚಾವಣಿಯಿಂದ ಇಳಿಬಿಟ್ಟ ಕಂಚಿನ ಜಾಲರಿ ಡೇರೆಯಂತಿದೆ. ಈ ಹಬ್ಬದ ಏಳು ದಿನ ಜೆರುಸಲೇಮಿನ ಹಳೆಯ ದೇವಾಲಯದಲ್ಲಿ ಹೋರಿಗಳ ಬಲಿಯಾಗುತ್ತಿತ್ತು: ಮೊದಲ ದಿನ 13, ಆಮೇಲೆ ದಿನಕ್ಕೊಂದು ಕಡಿಮೆ, ಕೊನೆಯ ದಿನ 7. ಒಟ್ಟು 70. ಲೋಕದ 70 ಜನಾಂಗಗಳಿಗಾಗಿ ಎನ್ನುತ್ತದೆ ಯಹೂದಿಗಳ ಧರ್ಮಶಾಸ್ತ್ರ ಗ್ರಂಥ ತಾಲ್ಮುದ್. ಇತರರ ಜೊತೆ ಪ್ರಾರ್ಥಿಸುವುದು ಬೇರೆ, ಇತರರಿಗಾಗಿ ಪ್ರಾರ್ಥಿಸುವುದು ಬೇರೆ. ಎರಡನೆಯದಕ್ಕೆ ಯಹೂದಿ ಪರಂಪರೆಯಲ್ಲಿ ಯಾವತ್ತೂ ಅಡ್ಡಿಯಿಲ್ಲ.

ಕಟ್ಟಡ ಹೇಳದೆ ಬಿಟ್ಟದ್ದು ಒಂದಿದೆ. ಯಹೂದಿಗಳು ಇತರರೊಂದಿಗೆ ಕೂಡುವ ನಿಜವಾದ ಜಾಗ ಕೆಲಸ. ಊರಿನ ಶಾಂತಿಗಾಗಿ ಯಹೂದ್ಯೇತರ ಬಡವರಿಗೂ ಅನ್ನ ಕೊಡಬೇಕು, ಅವರ ರೋಗಿಗಳನ್ನು ನೋಡಿಬರಬೇಕು, ಅವರ ಸತ್ತವರನ್ನು ಹೂಳಬೇಕು ಎಂಬ ನಿಯಮ ತಾಲ್ಮುದ್‌ನ ಗಿಟ್ಟಿನ್ ಭಾಗದಲ್ಲಿದೆ. 'ತಿಕ್ಕುನ್ ಓಲಾಮ್' (ಲೋಕವನ್ನು ಸರಿಪಡಿಸುವುದು) ಇವತ್ತು ಭಾಷಣದ ಮಾತಾಗಿದೆ. ಅದೇ ಗಿಟ್ಟಿನ್‌ನಲ್ಲಿ ಅದು ಒಣ ಕಾನೂನು. ಉದಾಹರಣೆಗೆ, ಸೆರೆಯಾಳನ್ನು ಅವನ ಬೆಲೆಗಿಂತ ಹೆಚ್ಚು ಕೊಟ್ಟು ಬಿಡಿಸಬಾರದು. ಬಿಡಿಸಿದರೆ ಅಪಹರಣವೇ ದಂಧೆಯಾಗುತ್ತದೆ. ಒಂದೇ ಅಳತೆಯ ಮೂರು ಘನಗಳನ್ನು ನೋಡಿ ಈ ಗಟ್ಟಿತನ ಗೊತ್ತಾಗುವುದಿಲ್ಲ. ಗೈಡ್‌ಗೆ ಪ್ರಶ್ನೆ ಕೇಳುವುದಿದ್ದರೆ ಇದರ ಬಗ್ಗೆಯೇ ಕೇಳಿ.

ಪ್ರವೇಶ ಉಚಿತ, ಆನ್‌ಲೈನ್‌ನಲ್ಲಿ ಮೊದಲೇ ನೋಂದಾಯಿಸಿಕೊಂಡರೆ ಒಳ್ಳೆಯದು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಮಸೀದಿಗೆ ಹೆಂಗಸರಿಗೆ ತಲೆವಸ್ತ್ರ, ಸಿನಗಾಗ್‌ನಲ್ಲಿ ಗಂಡಸರಿಗೆ ಟೋಪಿ. ದುಬೈ ಕನ್ನಡಿಗರು ಎಡವುವುದು ದಿನ ಆರಿಸುವಲ್ಲಿ. ಶುಕ್ರವಾರ ಮಧ್ಯಾಹ್ನ ಜುಮ್ಮಾ, ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬಾತ್, ಭಾನುವಾರ ಚರ್ಚಿನ ಪೂಜೆ. ಶಬ್ಬಾತ್ ಪಾಲಿಸುವವರು ಆ ಹೊತ್ತಿನಲ್ಲಿ ಫೋನು, ಪೆನ್ನು, ಕ್ಯಾಮೆರಾ ಯಾವುದನ್ನೂ ಮುಟ್ಟುವುದಿಲ್ಲ. ಮೂರರೊಳಗೂ ನೆಮ್ಮದಿಯಾಗಿ ನೋಡಬೇಕೆಂದರೆ ಬುಧವಾರವೋ ಗುರುವಾರವೋ ಒಂದು ರಜೆ ಹಾಕಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಾದರೆ ಯಹೂದಿ ಹಬ್ಬಗಳು ಸಾಲಾಗಿ ಬರುವುದರಿಂದ ಅದನ್ನೂ ಕ್ಯಾಲೆಂಡರ್ ನೋಡಿಯೇ ಹಾಕಿ.