ಸ್ಕೀಮ್‌ನಲ್ಲಿ ಕಡತ ತೆರೆಯುವವರು ಗಮನಿಸಿ: ಮುಚ್ಚಿದೆಯೆಂದು ನಂಬಿದ್ದ ಪೋರ್ಟ್ ಮುಚ್ಚಿರಲಿಲ್ಲ

ಬದಿಯಡ್ಕದ ಕಡೆಯ ಒಂದು ಅಡಿಕೆ ಖರೀದಿ ಕೇಂದ್ರಕ್ಕೆ ನಾನು ಸ್ಕೀಮ್ ಭಾಷೆಯಲ್ಲಿ ಬರೆದುಕೊಟ್ಟಿದ್ದ ಲೆಕ್ಕದ ಪ್ರೋಗ್ರಾಂ ಕಳೆದ ಮಳೆಗಾಲದ ಒಂದು ಬುಧವಾರ ಬೆಳಗ್ಗೆ 11 ಗಂಟೆಗೆ, ಚೀಲ ತಂದ ಕೃಷಿಕರು ಸಾಲಾಗಿ ಕಾಯುತ್ತಿದ್ದಾಗ, ಒಂದು ಮಾತೂ ಹೇಳದೆ ನಿಂತುಹೋಯಿತು. ಮತ್ತೆ ಚಾಲೂ ಮಾಡಿದರೆ ಸರಿಯಾಗುತ್ತಿತ್ತು. ಎರಡು ದಿನ ಕಳೆದ ಮೇಲೆ ಪುನಃ ಅದೇ ಕಥೆ. ದೋಷ ಹುಡುಕಲು ನನಗೆ ಮೂರು ವಾರ ಬೇಕಾಯಿತು. ಇದೇ ಹೊಂಡಕ್ಕೆ ಬೇರೆಯವರು ಬೀಳದಿರಲೆಂದು ಬರೆಯುತ್ತಿದ್ದೇನೆ.

ಪ್ರೋಗ್ರಾಂ 15 ನಿಮಿಷಕ್ಕೊಮ್ಮೆ ಒಂದು ಫೋಲ್ಡರಿನ ತೂಕದ ಚೀಟಿಗಳನ್ನೆಲ್ಲ ಓದಿ, ಅಡಿಕೆಯ ದರ್ಜೆಗಳಾದ ಚಾಲಿ, ಪಟೋರ, ಕರಿಗೋಟುಗಳ ಮೊತ್ತ ಹಾಕುತ್ತಿತ್ತು. ಚೀಟಿಗಳು ಕೆಲವು ಕನ್ನಡದಲ್ಲಿ, ಕೆಲವು ಮಲೆಯಾಳದಲ್ಲಿ, ಎಲ್ಲವೂ ಯೂನಿಕೋಡ್. ಆದರೆ ಯೂನಿಕೋಡ್ ಬರುವ ಮೊದಲಿನ ಫಾಂಟಿನಲ್ಲಿ ಹಿಂದಿನ ಗುಮಾಸ್ತರು ಟೈಪ್ ಮಾಡಿಟ್ಟ ಐದು ಹಳೆಯ ಕಡತಗಳೂ ಅಲ್ಲಿದ್ದವು. ಅವುಗಳನ್ನು ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಕಡತದಲ್ಲಿ ಬರೆದಿಡುವ ರೀತಿ) ಎಂದು ಓದಹೊರಟರೆ ಎರರ್ ಬರುವುದು ನನಗೆ ತಿಳಿದಿತ್ತು. ಅದಕ್ಕಾಗಿ ಕಡತ ಓದುವ ಕೋಡಿನ ಹೊರಗೆ ಒಂದು ಗಾರ್ಡ್ (ಎರರ್ ಹಿಡಿಯುವ ಕಟ್ಟು) ಕಟ್ಟಿ, ಎರರ್ ಬಂದ ಕಡತವನ್ನು ಬಿಟ್ಟು ಮುಂದೆ ಹೋಗುವಂತೆ ಮಾಡಿ, ಜಾಣತನ ತೋರಿದೆನೆಂದು ನೆಮ್ಮದಿಯಿಂದಿದ್ದೆ.

ಕಡತ ಓದಲು ನಾನು ಬಳಸಿದ್ದು ಕಾಲ್-ವಿತ್-ಇನ್‌ಪುಟ್-ಫೈಲ್. ನಾನು ಬಳಸುತ್ತಿದ್ದ ಸ್ಕೀಮ್‌ನ ಕೈಪಿಡಿಯಲ್ಲಿ ಅದರ ಬಗ್ಗೆ ಇದ್ದದ್ದು ಒಂದೇ ಸಾಲು: ಪೋರ್ಟ್ (ಕಡತ ಓದಲು ಪ್ರೋಗ್ರಾಂ ಹಿಡಿಯುವ ಕೊಂಡಿ) ತೆರೆಯುತ್ತದೆ, ಕೊಟ್ಟ ಪ್ರೊಸೀಜರನ್ನು (ಕೆಲಸ ಮಾಡುವ ಕೋಡಿನ ತುಣುಕನ್ನು) ಕರೆಯುತ್ತದೆ, ಬಳಿಕ ಮುಚ್ಚುತ್ತದೆ. ಪ್ರೊಸೀಜರ್ ಮರಳಿ ಬಾರದಿದ್ದರೆ ಏನಾಗುತ್ತದೆಂಬ ಮಾತೇ ಅಲ್ಲಿಲ್ಲ. ಭಾಷೆಯ ನಿಯಮಗಳನ್ನು ಹೇಳುವ 1998ರ ಐದನೆಯ ಪರಿಷ್ಕೃತ ವರದಿಯೂ 2013ರ ಏಳನೆಯದೂ ಅದನ್ನು ಸ್ಪಷ್ಟವಾಗಿ ಹೇಳುತ್ತವೆ: ಪ್ರೊಸೀಜರ್ ಮರಳದಿದ್ದರೆ, ಆ ಪೋರ್ಟನ್ನು ಇನ್ನೆಂದೂ ಯಾರೂ ಬಳಸಲಾರರೆಂದು ಖಚಿತವಾಗದ ಹೊರತು, ಅದನ್ನು ತಾನಾಗಿ ಮುಚ್ಚುವಂತಿಲ್ಲ. ಕಾರಣವೂ ನ್ಯಾಯವಾದದ್ದೇ. ಸ್ಕೀಮ್‌ನಲ್ಲಿ ಕಂಟಿನ್ಯುಯೇಶನ್ (ಕೆಲಸ ಎಲ್ಲಿಂದ ಮುಂದುವರಿಯಬೇಕೆಂಬ ಗುರುತು) ಹಿಡಿದುಕೊಂಡು ಹೊರಗೆ ಹಾರಿದವನು ಅದೇ ಜಾಗಕ್ಕೆ ಮತ್ತೆ ಒಳಗೆ ಬರಬಹುದು; ಆಗ ಪೋರ್ಟ್ ತೆರೆದಿರಬೇಕು. ನನ್ನ ಗಾರ್ಡ್ ಎರರ್ ಹಿಡಿದಾಗಲೆಲ್ಲ ಇಂಥ ಹಾರಿಕೆಯೇ ನಡೆಯುತ್ತಿತ್ತು, ಒಳಗಿನ ಪೋರ್ಟ್ ತೆರೆದೇ ಉಳಿಯುತ್ತಿತ್ತು.

ಪ್ರತಿ ಸುತ್ತಿನಲ್ಲಿ ಹೀಗೆ ಉಳಿಯುವ ಪೋರ್ಟುಗಳು ಐದು, ಗಂಟೆಗೆ 20. ಆ ಲಿನಕ್ಸ್ ಯಂತ್ರದಲ್ಲಿ ಒಂದು ಪ್ರೋಗ್ರಾಂ ಏಕಕಾಲಕ್ಕೆ ತೆರೆದಿಡಲು ಇದ್ದ ಮಿತಿ 1024 ಕಡತಗಳು. ಅದರಲ್ಲಿ ಮೂರು ಮೊದಲೇ ಬಳಕೆಯಲ್ಲಿರುತ್ತವೆ. ಸೋಮವಾರ ಬೆಳಗ್ಗೆ 8ಕ್ಕೆ ಚಾಲೂ ಮಾಡಿದರೆ ಸುಮಾರು 51 ಗಂಟೆಗೆ, ಅಂದರೆ ಬುಧವಾರ 11ಕ್ಕೆ, ಮಿತಿ ಮುಗಿಯುತ್ತದೆ. ಲಾಗ್ ಕಡತವನ್ನೂ ನಾನು ಪ್ರತಿ ಸಲ ಹೊಸದಾಗಿ ತೆರೆಯುತ್ತಿದ್ದುದರಿಂದ, ಕಡತ ತೆರೆಯಲಾಗುತ್ತಿಲ್ಲವೆಂದು ಬರೆದಿಡಲು ಸಹ ಕಡತ ತೆರೆಯಲಾಗುತ್ತಿರಲಿಲ್ಲ!

ಹಾಗಾದರೆ ಹಿಂದಿನ ವರ್ಷ ಏಕೆ ಕೆಡಲಿಲ್ಲ? ಕೇಂದ್ರದ ಹುಡುಗನೊಬ್ಬ, "ಅಣ್ಣಾ, ಇನ್ವರ್ಟರ್ ಬಂದ ಮೇಲೆಯೇ ಇದು ಹಾಳಾದದ್ದು" ಎಂದಾಗ ನಾನು ನಕ್ಕಿದ್ದೆ. ಅವನ ಮಾತು ಅಕ್ಷರಶಃ ನಿಜವಾಗಿತ್ತು. ಮೊದಲೆಲ್ಲ ದಿನಕ್ಕೊಮ್ಮೆಯಾದರೂ ಕರೆಂಟು ಹೋಗಿ ಯಂತ್ರ ಆರುತ್ತಿತ್ತು, ಸೋರಿಕೆಯ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಅಷ್ಟು ಕಾಲ ನನ್ನ ತಪ್ಪನ್ನು ಮುಚ್ಚಿಟ್ಟದ್ದು ವಿದ್ಯುತ್ ಕಡಿತ.

ಬಳಕೆ ಮುಗಿದ ಮೆಮೊರಿಯ ಕಸ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಇದೆಯಲ್ಲ, ಬಿಟ್ಟುಹೋದ ಪೋರ್ಟನ್ನು ಅದು ಮುಚ್ಚೀತು ಎಂಬ ಭರವಸೆ ನನಗೂ ಇತ್ತು. ಅದು ನೋಡುವುದು ಮೆಮೊರಿಯ ಒತ್ತಡವನ್ನು. ಮೆಮೊರಿ ಧಾರಾಳವಾಗಿರುವ ಯಂತ್ರದಲ್ಲಿ ಕಡತಗಳ ಮಿತಿ ಮುಗಿದದ್ದು ಅದಕ್ಕೆ ಗೊತ್ತಾಗುವುದೇ ಇಲ್ಲ. ಯಾರ ಕೈಗೂ ಸಿಗದಾದ ಪೋರ್ಟನ್ನು ಹುಡುಕಿ ಮುಚ್ಚಲು ಶೇ (Chez) ಸ್ಕೀಮ್ ಎಂಬ ಸ್ಕೀಮ್ ಆವೃತ್ತಿಯಲ್ಲಿ ಗಾರ್ಡಿಯನ್ ಎಂಬ ಸೌಕರ್ಯವಿದೆ, ಆದರೆ ಅದು ಕೂಡ ಕಲೆಕ್ಟರ್ ಓಡಿದ ಮೇಲಷ್ಟೇ ಉಪಯೋಗಕ್ಕೆ ಬರುತ್ತದೆ.

ಅವಸರದಲ್ಲಿ ಮಾಡಿದ ರಿಪೇರಿಯಿಂದ ಎರಡನೆಯ ಪೆಟ್ಟು ಬಿತ್ತು. ಕೋಡಿನಿಂದ ಹೇಗೆ ಹೊರಬಿದ್ದರೂ ಹೇಳಿದ ಕೆಲಸ ಮಾಡಿಸುವ ಡೈನಮಿಕ್-ವೈಂಡ್ ಹಾಕಿ, ಹೊರಬೀಳುವ ದಾರಿಯಲ್ಲೇ ಪೋರ್ಟ್ ಮುಚ್ಚಿಸಿದೆ. ಸೋರಿಕೆ ನಿಂತಿತು, ಆದರೆ ಚೀಟಿಗಳಿಂದ ಒಂದೊಂದೇ ಸಾಲನ್ನು ಹೊರಗೆ ಕೊಡಲು ನಾನು ಕಾಲ್-ಸಿಸಿಯಿಂದ (ಕಂಟಿನ್ಯುಯೇಶನ್ ಹಿಡಿಯುವ ಪ್ರೊಸೀಜರಿನಿಂದ) ಕಟ್ಟಿದ್ದ ಜನರೇಟರ್, ಮೊದಲ ಸಾಲು ಕೊಡಲು ಹೊರಬಂದೊಡನೆ ಪೋರ್ಟ್ ಮುಚ್ಚಿಹೋಗಿ, ಎರಡನೆಯ ಸಾಲಿಗೆ ಎರರ್ ಕೊಟ್ಟಿತು. ಕೊನೆಗೆ ಜನರೇಟರನ್ನೇ ತೆಗೆದುಹಾಕಿ, ಗಾರ್ಡನ್ನು ಪ್ರೊಸೀಜರಿನ ಒಳಗೆ ತಂದು, ಕಡತದ ಎಲ್ಲ ಸಾಲುಗಳನ್ನು ಒಮ್ಮೆಲೇ ಪಟ್ಟಿಯಾಗಿ ಓದಿ, ಎರರ್ ಬಂದರೆ ಖಾಲಿ ಪಟ್ಟಿಯೊಂದಿಗೆ ಮಾಮೂಲಿಯಾಗಿ ಮರಳುವಂತೆ ಬರೆದೆ. ಪ್ರೊಸೀಜರ್ ಮರಳುವುದರಿಂದ ಪೋರ್ಟ್ ಮುಚ್ಚುತ್ತದೆ.

ನಿಮ್ಮ ಪ್ರೋಗ್ರಾಮಿನಲ್ಲಿ ಇಂಥ ಸಂಶಯವಿದ್ದರೆ, ಲಿನಕ್ಸಿನ ಪ್ರಾಕ್ (/proc) ಡೈರೆಕ್ಟರಿಯೊಳಗೆ ಅದರ ಪ್ರೊಸೆಸ್ ಸಂಖ್ಯೆಯ ಕೆಳಗಿರುವ, ತೆರೆದಿರುವ ಕಡತಗಳನ್ನು ತೋರಿಸುವ ಎಫ್‌ಡಿ (fd) ಫೋಲ್ಡರನ್ನು ಗಂಟೆಗೊಮ್ಮೆ ನೋಡಿ; ಒಂದೇ ಕಡತದ ಹೆಸರು ಹತ್ತಾರು ಸಲ ಕಂಡರೆ ಸೋರಿಕೆ ಅಲ್ಲಿಯೇ ಇದೆ. ನಾನಂತೂ ಈಗ ಪ್ರೋಗ್ರಾಂ ಕೈದಾಟಿಸುವ ಮೊದಲು ಯುಲಿಮಿಟ್ ಆದೇಶದಿಂದ ಕಡತಗಳ ಮಿತಿಯನ್ನು 32ಕ್ಕೆ ಇಳಿಸಿ ಓಡಿಸುತ್ತೇನೆ. ಹಳೆಯ ಪ್ರೋಗ್ರಾಮನ್ನು ಹಾಗೆ ಓಡಿಸಿ ನೋಡಿದಾಗ ಆರನೆಯ ಸುತ್ತಿನಲ್ಲೇ ಬಿದ್ದುಹೋಯಿತು.