ಬಾಲಿಯಲ್ಲಿ ಜಾಗ ಕೊಳ್ಳಲು ಹೊರಟಿದ್ದೀರಾ? ಅಡ್ವಾನ್ಸ್ ಕಳಿಸುವ ಮುಂಚೆ ಇದನ್ನು ಓದಿ

ಬಾಲಿಯಲ್ಲಿ ನಿಮ್ಮ ಹೆಸರಿಗೇ ಫ್ರೀಹೋಲ್ಡ್ (ಪೂರ್ತಿ ಒಡೆತನದ) ಜಾಗ ಮಾಡಿಸಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು. ಅರ್ಧ ಸುಳ್ಳಲ್ಲ, ಪೂರ್ತಿ ಸುಳ್ಳು. ಇಂಡೋನೇಷ್ಯಾದಲ್ಲಿ ವಿದೇಶಿಯರಿಗೆ ಆ ಹಕ್ಕೇ ಇಲ್ಲ. ಬೆಂಗಳೂರಿಂದ ಬಾಲಿಯ ರಾಜಧಾನಿ ಡೆನ್‌ಪಸಾರ್‌ಗೆ ನೇರ ವಿಮಾನ ಶುರುವಾದ ಮೇಲೆ ಹನಿಮೂನಿಗೆ ಹೋಗಿ ಬಂದವರು, ಆಫೀಸ್ ಟ್ರಿಪ್ಪಿಗೆ ಹೋಗಿ ಬಂದವರು, ಎಲ್ಲರ ವಾಟ್ಸಾಪಿಗೂ ಈ ವಿಲ್ಲಾ ಪ್ಲಾಟುಗಳ ವಿಡಿಯೊ ಬರುತ್ತಿದೆ. ಮೊನ್ನೆ ನನ್ನ ಚಿಕ್ಕಪ್ಪನ ಮಗನಿಗೂ ಬಂತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಮತ್ತು ನನ್ನ ಭಾವ ಸೇರಿ ಅಲ್ಲಿ ಕೊಟ್ಟ ದುಡ್ಡು ಇವತ್ತಿನವರೆಗೂ ವಾಪಸ್ ಬಂದಿಲ್ಲ.

ನಮಗೆ ಸಿಕ್ಕಿದ ಏಜೆಂಟು ಭಾರತದವನೇ, ಬೆಂಗಳೂರಲ್ಲಿ ಕೆಲಸ ಮಾಡಿದವನು, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಜಾಗ ಇದ್ದದ್ದು ತಬನಾನ್ ಕಡೆ, ಗದ್ದೆಗಳ ಮಧ್ಯೆ, ದೂರದಲ್ಲಿ ಸಮುದ್ರ. ಅಲ್ಲಿ ಜಾಗ ಅಳೆಯುವುದು ಆರೆ ಲೆಕ್ಕದಲ್ಲಿ. 1 ಆರೆ ಅಂದರೆ 100 ಚದರ ಮೀಟರ್, ನಮ್ಮ 30-40 ಸೈಟಿಗಿಂತ ಸ್ವಲ್ಪ ಕಡಿಮೆ. ನೋಡಲು ಸೊಗಸಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ.

ಅವನು ಮೊದಲು ಮುಂದಿಟ್ಟ ಸ್ಕೀಮ್ ಇದು. ಜಾಗ ಒಬ್ಬ ಸ್ಥಳೀಯನ ಹೆಸರಿಗೆ ರಿಜಿಸ್ಟರ್ ಆಗುತ್ತದೆ, ದುಡ್ಡು ನಮ್ಮದು. ಅವನಿಗೂ ನಮಗೂ ನಡುವೆ ಒಂದು ಕಟ್ಟು ಕಾಗದ: ನಾವು ಅವನಿಗೆ ಸಾಲ ಕೊಟ್ಟಿದ್ದೇವೆ ಅನ್ನುವ ಪತ್ರ, ಆ ಸಾಲಕ್ಕೆ ಜಾಗದ ಅಡಮಾನ, ಮಾರುವ ಬಾಡಿಗೆಗೆ ಕೊಡುವ ಅಧಿಕಾರವನ್ನೆಲ್ಲ ನಮಗೆ ಬರೆದುಕೊಡುವ ಪವರ್ ಆಫ್ ಅಟಾರ್ನಿ, ಮೇಲೊಂದು ಉದ್ದನೆಯ ಲೀಸ್. ಹೀಗೆ ಹೆಸರು ಕೊಡುವವನನ್ನು ನಾಮಿನಿ ಅನ್ನುತ್ತಾರೆ. ನಮ್ಮ ಕಡೆಯ ಮಾತಲ್ಲಿ ಬೇನಾಮಿ. "ಎಲ್ಲರೂ ಹಿಂಗೇ ಮಾಡೋದು ಸಾರ್, ಆಸ್ಟ್ರೇಲಿಯಾದವರೆಲ್ಲ ಹಿಂಗೇ ತಗೊಂಡಿರೋದು" ಅಂದ. ಹಾಗೆ ತಗೊಂಡವರು ಇದ್ದಾರೆ, ಅದು ನಿಜ. ಹಾಗೆ ಕಳಕೊಂಡವರೂ ಇದ್ದಾರೆ, ಅದನ್ನು ಅವನು ಹೇಳಲಿಲ್ಲ.

ಇಂಡೋನೇಷ್ಯಾದ ಮೂಲ ಭೂ ಕಾಯ್ದೆ 1960ರದ್ದು. ಪೂರ್ತಿ ಒಡೆತನಕ್ಕೆ ಅಲ್ಲಿ ಹಕ್ ಮಿಲಿಕ್ ಅನ್ನುತ್ತಾರೆ. ಕಾಯ್ದೆಯ 21ನೇ ವಿಧಿ ಪ್ರಕಾರ ಅದು ಅಲ್ಲಿನ ನಾಗರಿಕರಿಗೆ ಮತ್ತು ಸರ್ಕಾರ ಒಪ್ಪಿದ ಕೆಲವು ಸಂಸ್ಥೆಗಳಿಗೆ ಮಾತ್ರ. 26ನೇ ವಿಧಿ ಇನ್ನೂ ಖಾರವಾಗಿದೆ. ನೇರವಾಗಿಯೋ ಸುತ್ತಿಬಳಸಿಯೋ ಈ ಹಕ್ಕು ವಿದೇಶಿಯನ ಕೈಗೆ ಹೋಗುವಂತೆ ವ್ಯವಹಾರ ಮಾಡಿದರೆ ಆ ವ್ಯವಹಾರವೇ ಅಸಿಂಧು, ಜಾಗ ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ದುಡ್ಡನ್ನು ವಾಪಸ್ ಕೇಳುವ ಹಾಗೂ ಇಲ್ಲ. ಸುತ್ತಿಬಳಸಿ ಅನ್ನುವುದನ್ನು ಕಾನೂನೇ ಬರೆದಿಟ್ಟಿರುವಾಗ ಆ ಕಾಗದದ ಕಟ್ಟು ಎಷ್ಟು ದಪ್ಪ ಇದ್ದರೇನು? ನಾಳೆ ನಾಮಿನಿ ತೀರಿಕೊಂಡ ಅಂದುಕೊಳ್ಳಿ, ಅವನ ಮಕ್ಕಳು ಪಾಲು ಕೇಳುತ್ತಾರೆ. ಡಿವೋರ್ಸ್ ಆಯಿತು, ಹೆಂಡತಿ ಕೇಳುತ್ತಾಳೆ. ಏನೂ ಆಗಲಿಲ್ಲ, ಅವನಿಗೇ ಆಸೆ ಬಂತು, ಜಾಗ ನನ್ನದು ಅಂದ. ನೀವು ಕೋರ್ಟಿಗೆ ಹೋಗಿ ಮೊದಲು ಸಾಬೀತು ಮಾಡಬೇಕಾದದ್ದು ಏನು? ನಾನು ಕಾನೂನು ಮೀರಿದ್ದೇನೆ ಅಂತ!

ಇಷ್ಟನ್ನು ಓದಿಕೊಂಡು ಕೇಳಿದ್ದಕ್ಕೆ ಏಜೆಂಟು ಒಂಚೂರೂ ತಡವರಿಸಲಿಲ್ಲ. ಹಾಗಾದ್ರೆ ಲೀಸ್ ತಗೊಳ್ಳಿ ಅಂದ. ಲೀಸ್ ಕಾನೂನುಬದ್ಧ, ಅದರಲ್ಲಿ ಅನುಮಾನ ಇಲ್ಲ. ಉಳಿದ ದಾರಿಗಳನ್ನೂ ನೋಡಿದ್ದೆವು. ಹಕ್ ಪಕಾಯ್ ಅಂತ ಒಂದಿದೆ, ವಿದೇಶಿಯರಿಗೆ ಮನೆ ಮೇಲೆ ಸಿಗುವ ಬಳಕೆಯ ಹಕ್ಕು, ಆದರೆ ಅದಕ್ಕೆ ಅಲ್ಲಿನ ವಲಸೆ ದಾಖಲೆ (ವೀಸಾ ಅಥವಾ ವಾಸದ ಪರವಾನಗಿಯಂಥದ್ದು) ಬೇಕು, ಮನೆಯ ಬೆಲೆ ಇಂತಿಷ್ಟಕ್ಕಿಂತ ಜಾಸ್ತಿ ಇರಬೇಕು. ವಿದೇಶಿ ಬಂಡವಾಳದ ಕಂಪನಿ ಮಾಡಿದರೆ ಕಟ್ಟಡದ ಹಕ್ಕು ಸಿಗುತ್ತದೆ, ಆದರೆ ಅದಕ್ಕೆ ಜಾಗ, ಕಟ್ಟಡ ಬಿಟ್ಟು ಸಾವಿರ ಕೋಟಿ ರುಪಿಯಾಗೂ ಮೇಲಿನ ಹೂಡಿಕೆಯ ಯೋಜನೆ ತೋರಿಸಬೇಕು, ನಮ್ಮ ದುಡ್ಡಲ್ಲಿ ಸುಮಾರು ಐದು ಕೋಟಿ. ನಮ್ಮಂಥವರಿಗೆ ಲೀಸೇ ಗತಿ. ಸರಿ, 25 ವರ್ಷದ ಲೀಸಿಗೆ ಒಪ್ಪಿ ಹತ್ತು ಪರ್ಸೆಂಟ್ ಅಡ್ವಾನ್ಸ್ ಕಳಿಸಿದೆವು. ಪರಿಶೀಲನೆಯಲ್ಲಿ ತೊಂದರೆ ಕಂಡರೆ ವಾಪಸ್ ಅಂತ ಒಪ್ಪಂದದ ಇಂಗ್ಲಿಷ್ ಪ್ರತಿಯಲ್ಲಿ ಸ್ಪಷ್ಟವಾಗಿಯೇ ಇತ್ತು.

ಇಲ್ಲಿಂದ ಮುಂದೆ ಗಮನ ಕೊಟ್ಟು ಓದಿ. ನಾಮಿನಿ ವಿಷಯ ಈಗ ಸುಮಾರು ಜನರಿಗೆ ಗೊತ್ತು. ಕಾನೂನುಬದ್ಧವಾದ ಲೀಸಿನಲ್ಲೇ ಎಷ್ಟು ಹೊಂಡಗಳಿವೆ ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಅಲ್ಲಿನ ನೋಟರಿ ಅಂದರೆ ಕೋರ್ಟಿನ ಮುಂದೆ ಕೂತು ಸೀಲು ಹೊಡೆಯುವ ನಮ್ಮ ನೋಟರಿ ಅಲ್ಲ. ಪತ್ರ ಬರೆಯುವುದು, ಜಾಗದ ಒಡೆತನದ ಸರ್ಟಿಫಿಕೇಟು ಅಸಲಿಯಾ ಅಂತ ಭೂ ಕಚೇರಿಯಲ್ಲಿ ತಾಳೆ ನೋಡುವುದು, ಎರಡೂ ಕಡೆಯವರ ಸಹಿ ಹಾಕಿಸುವುದು ಎಲ್ಲ ಅವರ ಕೈಯಲ್ಲೇ. ಏಜೆಂಟು ತನ್ನ ಕಡೆಯ ನೋಟರಿಯನ್ನೇ ತೋರಿಸಿದ. ಭಾವ ಹಟ ಹಿಡಿದು ಡೆನ್‌ಪಸಾರ್‌ನಲ್ಲಿ ನಮ್ಮದೇ ಖರ್ಚಿನಲ್ಲಿ ಬೇರೊಬ್ಬ ನೋಟರಿಯನ್ನು ಹಿಡಿದ. ಆಕೆ ಕೆದಕಿದ್ದೇ ತಡ, ಒಂದೊಂದೇ ಹೊರಗೆ ಬಂತು.

ಸರ್ಟಿಫಿಕೇಟು ಅಸಲಿಯೇ. ಆದರೆ ಅದರಲ್ಲಿದ್ದ ಹೆಸರು ತೀರಿಕೊಂಡವರದ್ದು. ನಮಗೆ ಮಾಲೀಕ ಅಂತ ಪರಿಚಯಿಸಿದ್ದು ಅವರ ಮಕ್ಕಳಲ್ಲಿ ಒಬ್ಬನನ್ನು. ಉಳಿದ ವಾರಸುದಾರರ ಸಹಿ ಇರಲಿಲ್ಲ, ಪಕ್ಕದ ದ್ವೀಪ ಲೊಂಬೊಕ್‌ನಲ್ಲಿರುವ ತಮ್ಮನಿಗಂತೂ ಲೀಸಿನ ವಿಷಯವೇ ಗೊತ್ತಿಲ್ಲ. ಎಲ್ಲ ವಾರಸುದಾರರೂ ಸಹಿ ಹಾಕದ ಲೀಸನ್ನು ಅವರಲ್ಲಿ ಒಬ್ಬನು ಯಾವತ್ತು ಬೇಕಾದರೂ ಕೋರ್ಟಿಗೆ ಎಳೆಯಬಹುದು. ನೀವು ಮನೆ ಕಟ್ಟಿ ಕೂತ ಮೇಲೆ ಎಳೆದರೆ?

ಎರಡನೆಯದು ವಲಯ. ನಾವು ನೋಡಿದ ಗದ್ದೆ ಹಸಿರು ವಲಯದಲ್ಲಿತ್ತು, ಅಂದರೆ ಬೇಸಾಯಕ್ಕೆ ಮಾತ್ರ. ಅಲ್ಲಿ ವಿಲ್ಲಾಗೆ ಕಟ್ಟಡ ಪರವಾನಗಿ ಸಿಗುವುದಿಲ್ಲ. ಪಕ್ಕದಲ್ಲಿ ವಿಲ್ಲಾ ಇದೆಯಲ್ಲ ಅಂತ ಏಜೆಂಟು ವಾದ ಮಾಡಿದ. ಇದ್ದರೆ ಇರಲಿ, ಅದು ಸಕ್ರಮ ಅಂತ ಯಾರು ಹೇಳಿದರು? 2025ರ ಜುಲೈನಲ್ಲಿ ಉಲುವಾಟು ಹತ್ತಿರದ ಬಿಂಗಿನ್ ಬೀಚಿನಲ್ಲಿ ಸರ್ಕಾರಿ ಜಾಗದ ಮೇಲೆ ಎದ್ದಿದ್ದ ಹೋಮ್‌ಸ್ಟೇ, ರೆಸ್ಟೊರೆಂಟು, ವಿಲ್ಲಾಗಳನ್ನು ಸರ್ಕಾರ ಕೆಡವಲು ಶುರು ಮಾಡಿತು. ವರ್ಷಗಟ್ಟಲೆ ನಡೆದುಕೊಂಡು ಬಂದಿದ್ದ ಜಾಗಗಳು ಅವು. ಅಂದಹಾಗೆ ಬಾಲಿಯ ಗದ್ದೆಗಳಿಗೆ ನೀರು ಹಂಚುವ ಸುಬಾಕ್ ಪದ್ಧತಿ ಮತ್ತು ಅದರ ಕೆಲವು ಗದ್ದೆ ಬಯಲುಗಳು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಗದ್ದೆ ಉಳಿಸಿಕೊಳ್ಳಬೇಕು ಅಂತ ಅಲ್ಲಿನವರಿಗೆ ಅನ್ನಿಸುವುದರಲ್ಲಿ ತಪ್ಪೇನಿದೆ. ನನ್ನ ಸಿಟ್ಟು ಅವರ ಮೇಲಲ್ಲ, ಗದ್ದೆಯನ್ನು ವಿಲ್ಲಾ ಪ್ಲಾಟ್ ಅಂತ ಮಾರುವವರ ಮೇಲೆ.

ರಸ್ತೆಯೂ ಇರಲಿಲ್ಲ. ನಾವು ನಡೆದುಕೊಂಡು ಹೋದ ದಾರಿ ಬೇರೆಯವರ ಜಾಗ.

ಲೀಸ್ ಮುಗಿದ ಮೇಲೆ ಖಂಡಿತ ಮುಂದುವರಿಸುತ್ತಾರೆ ಅನ್ನುವ ಮಾತು ಬೇರೆ. ಪತ್ರದಲ್ಲಿ ಇದ್ದದ್ದು ಆಗಿನ ಮಾರುಕಟ್ಟೆ ಬೆಲೆಗೆ ಮುಂದುವರಿಸಬಹುದು ಅಂತ. 25 ವರ್ಷ ಆದಮೇಲೆ ಬೆಲೆ ಹೇಳುವವನು ಜಾಗದವನು, ಕೇಳುವವರು ಅಲ್ಲಿ ಮನೆ ಕಟ್ಟಿ ಕೂತವರು. ಇದಕ್ಕೆ ಗ್ಯಾರಂಟಿ ಅನ್ನುತ್ತಾರಾ? ಬೆಲೆಯನ್ನೋ, ಲೆಕ್ಕ ಹಾಕುವ ಸೂತ್ರವನ್ನೋ ಇವತ್ತೇ ಬರೆಸಿಕೊಳ್ಳದಿದ್ದರೆ ಆ ಸಾಲಿಗೆ ಅರ್ಥವೇ ಇಲ್ಲ. ಲೀಸ್ ಹಣ ಮಾತ್ರ ಪೂರ್ತಿ ಮುಂಗಡ ಕೊಡಬೇಕು, ಅದನ್ನೂ ನೆನಪಿಡಿ.

ಇಷ್ಟೆಲ್ಲ ಗೊತ್ತಾದ ಮೇಲೆ ಅಡ್ವಾನ್ಸ್ ವಾಪಸ್ ಕೇಳಿದೆವು. ಆಗ ಏಜೆಂಟು ತೆಗೆದದ್ದು ಇಂಡೋನೇಷ್ಯನ್ ಭಾಷೆಯ ಪ್ರತಿ. ಅದರಲ್ಲಿ ವಾಪಸ್ ಕೊಡುವ ಷರತ್ತೇ ಇಲ್ಲ! ಅಡ್ವಾನ್ಸ್ ಹಿಂತಿರುಗಿಸುವುದಿಲ್ಲ ಅಂತ ನೇರವಾಗಿ ಬರೆದಿದೆ, ಕೆಳಗೆ ನಮ್ಮದೇ ಸಹಿ. ಇಂಡೋನೇಷ್ಯಾದ 2009ರ 24ನೇ ಕಾಯ್ದೆ ಪ್ರಕಾರ ಅಲ್ಲಿನವರ ಜತೆ ಮಾಡುವ ಒಪ್ಪಂದ ಇಂಡೋನೇಷ್ಯನ್ ಭಾಷೆಯಲ್ಲಿ ಇರಲೇಬೇಕು. ಎರಡು ಪ್ರತಿಗಳಲ್ಲಿ ವ್ಯತ್ಯಾಸ ಬಂದರೆ ಇಂಡೋನೇಷ್ಯನ್ ಪ್ರತಿಯೇ ಲೆಕ್ಕಕ್ಕೆ ಅಂತ ನಮ್ಮ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿದ್ದರು. ಏಜೆಂಟಿಗೆ ಸಂಬಂಧವಿಲ್ಲದ ಒಬ್ಬರಿಂದ ಆ ಪ್ರತಿಯನ್ನು ಸಾಲು ಸಾಲಾಗಿ ಓದಿಸದೆ ಸಹಿ ಹಾಕಬೇಡಿ. ಅಡ್ವಾನ್ಸನ್ನು ಏಜೆಂಟಿನ ಖಾತೆಗೆ ಹಾಕಲೇಬೇಡಿ. ನೀವು ನೇಮಿಸಿದ ನೋಟರಿ ಹತ್ತಿರ ಇರಲಿ, ಯಾವಾಗ ಬಿಡುಗಡೆ ಆಗಬೇಕು ಅಂತ ಬರಹದಲ್ಲಿರಲಿ.

ಭಾರತದ ಕಡೆಯ ಲೆಕ್ಕವೂ ಸಣ್ಣದಲ್ಲ. ದುಡ್ಡನ್ನು ಕುಟುಂಬದ ಖರ್ಚು ಅಂತ ತೋರಿಸಿ ಕಳಿಸಿ, ಇಲ್ಲದಿದ್ದರೆ ನಮ್ಮ ಹುಡುಗ ಬಂದು ನಗದು ತಗೊಂಡು ಹೋಗುತ್ತಾನೆ ಅಂದಿದ್ದ ಏಜೆಂಟು. ಎರಡಕ್ಕೂ ಒಪ್ಪಲಿಲ್ಲ ಅನ್ನುವುದೊಂದೇ ಈಗ ಸಮಾಧಾನ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸುವ ಯೋಜನೆ) ಅಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳಿಸಬಹುದು, ಹೊರದೇಶದ ಆಸ್ತಿಗೂ ಅದರಲ್ಲಿ ಅವಕಾಶ ಇದೆ. ನಿಜವಾದ ಉದ್ದೇಶ ಬರೆದೇ ಕಳಿಸಿ. ಆಸ್ತಿಗೆ ಅಂತ ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತಕ್ಕೆ ಬ್ಯಾಂಕು 20 ಪರ್ಸೆಂಟ್ ಟಿಸಿಎಸ್ (ಮುಂಚೆಯೇ ಕಟ್ಟಿಸಿಕೊಳ್ಳುವ ತೆರಿಗೆ) ಹಿಡಿಯುತ್ತದೆ. ಅದು ಆದಾಯ ತೆರಿಗೆ ರಿಟರ್ನಿನಲ್ಲಿ ಸರಿಹೋಗುತ್ತದೆ, ಆದರೆ ಆಗ ಕೈಯಿಂದ ಹಾಕಬೇಕಲ್ವಾ. ರಿಟರ್ನಿನ ಎಫ್‌ಎ (ಹೊರದೇಶದ ಆಸ್ತಿಗಳ) ಪಟ್ಟಿಯಲ್ಲಿ ಆಸ್ತಿ ತೋರಿಸದಿದ್ದರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷದ ದಂಡ ಇದೆ. ಬೇನಾಮಿ ಜಾಗವನ್ನು ಅಲ್ಲಿ ಏನಂತ ತೋರಿಸುತ್ತೀರಿ, ನೀವೇ ಯೋಚಿಸಿ.

ನಮ್ಮ ಕೇಸು ಎಲ್ಲಿದೆ ಅಂದರೆ ಎಲ್ಲೂ ಇಲ್ಲ. ಪೊಲೀಸರು ಇದು ಸಿವಿಲ್ ವ್ಯವಹಾರ ಅಂದರು. ಅಲ್ಲಿನ ವಕೀಲರು ಕೇಳಿದ ಫೀಸು ಹೋದ ದುಡ್ಡಿನ ಹತ್ತಿರ ಹತ್ತಿರ ಬರುತ್ತದೆ. ಏಜೆಂಟು ನಂಬರ್ ಬದಲಿಸಿದ್ದಾನೆ, ವ್ಯಾಪಾರ ನಿಲ್ಲಿಸಿಲ್ಲ. ಚಿಕ್ಕಪ್ಪನ ಮಗನಿಗೆ ಬಂದ ವಿಡಿಯೊದಲ್ಲಿ ಇರುವುದು ಅದೇ ಗದ್ದೆ, ಈಗ ಅದಕ್ಕೊಂದು ಕಾಂಪೌಂಡಿನ ಗ್ರಾಫಿಕ್ಸ್ ಸೇರಿಸಿದ್ದಾರೆ ಅಷ್ಟೆ. ತಬನಾನ್ ಕಡೆಯ ಗದ್ದೆ, ಕನ್ನಡ ಮಾತಾಡುವ ಏಜೆಂಟು, ಈ ವಾರದೊಳಗೆ ಬುಕ್ ಮಾಡಿದರೆ ಡಿಸ್ಕೌಂಟು ಅನ್ನುವ ಮೆಸೇಜು ನಿಮಗೂ ಬಂದಿದ್ದರೆ ಸರ್ಟಿಫಿಕೇಟಿನ ಫೋಟೊ ಕೇಳಿ, ಅದರಲ್ಲಿರುವ ಹೆಸರಿನವರು ಬದುಕಿದ್ದಾರಾ ಅಂತ ಕೇಳಿ, ವಲಯದ ಪತ್ರ ಕೇಳಿ. ಈ ಮೂರರಲ್ಲಿ ಯಾವುದಕ್ಕಾದರೂ "ಆಮೇಲೆ ಕೊಡ್ತೀನಿ ಸಾರ್" ಅಂದರೆ ಆ ನಂಬರನ್ನು ಬ್ಲಾಕ್ ಮಾಡಿ.